ಬಯಲಲ್ಲಿ ಕೂತು ಓದೋಕೆ ಟ್ಯಾಬ್ ಒಳ್ಳೇದಾ, ಇ-ರೀಡರ್ ಒಳ್ಳೇದಾ? ಕಲಬುರಗಿ ಬಿಸಿಲು ಲೆಕ್ಕಕ್ಕೆ ಇಟ್ಟು ಹೇಳಿ

ಜೇವರ್ಗಿ ಹೊಲದವ

ಎಲ್ಲರಿಗೂ ಶರಣು. ಹೊಲದ ಕೆಲಸದ ಜೊತೆಗೆ ಸರ್ಕಾರಿ ಪರೀಕ್ಷೆಗೂ ಓದುತ್ತಿದ್ದೇನೆ. ನಮ್ಮದು ತಗಡಿನ ಮನೆ. ಬೇಸಿಗೆಯಲ್ಲಿ ಹತ್ತು ಗಂಟೆ ಆಯಿತೆಂದರೆ ಒಳಗೆ ಕೂರೋಕೆ ಆಗುವುದಿಲ್ಲ. ಹಾಗಾಗಿ ಬಾವಿ ಹತ್ತಿರ ಬೇವಿನ ಮರದ ಕೆಳಗೆ ಕೂತು ಓದುವುದು ರೂಢಿ. ಕೈಯಲ್ಲಿರುವುದು ಹತ್ತು ಇಂಚಿನ ಸಾಧಾರಣ ಟ್ಯಾಬ್. ಬೆಳಕು ಪೂರ್ತಿ ಏರಿಸಿದರೂ ನನ್ನ ಮುಖ, ಮರದ ಟೊಂಗೆ, ಆಕಾಶ ಎಲ್ಲಾ ಕಾಣುತ್ತದೆ, ಅಕ್ಷರ ಮಾತ್ರ ಕಾಣುವುದಿಲ್ಲ. ನೆರಳು ಸರಿದ ಹಾಗೆ ನಾನೂ ಸರಿಯಬೇಕು.

ಗೆಳೆಯನೊಬ್ಬ ಇ-ರೀಡರ್ (ಪುಸ್ತಕ ಓದಲೆಂದೇ ಇರುವ ಯಂತ್ರ) ತಗೋ ಅನ್ನುತ್ತಾನೆ. ಬಜೆಟ್ ಇಪ್ಪತ್ತು ಸಾವಿರದ ಒಳಗೆ. ಓದುವುದು ಹೆಚ್ಚಾಗಿ ಕನ್ನಡವೇ. ಕಾದಂಬರಿ, ವಚನ, ಹಳೇ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್, ಕೋಚಿಂಗ್ ನೋಟ್ಸ್. ವಿಡಿಯೋಗಳಲ್ಲಿ ಎಲ್ಲರೂ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಎಸಿ ರೂಮಲ್ಲಿ ಕೂತು ತೋರಿಸುತ್ತಾರೆ. ನಮ್ಮ ಬಿಸಿಲಿಗೆ, ನಮ್ಮ ಪುಸ್ತಕಕ್ಕೆ ಯಾವುದು ಆಗುತ್ತದೆ? ಬಳಸಿದವರು ದಯವಿಟ್ಟು ಹೇಳಿ.

ಬೀದರ್ ಕೋಟೆ

ಇ-ರೀಡರ್. ಎರಡನೇ ಮಾತೇ ಇಲ್ಲ. ನಾನು ಬರೀದ್ ಶಾಹಿ ಉದ್ಯಾನದಲ್ಲಿ ಕೂತು ಓದುತ್ತೇನೆ. ಬಿಸಿಲು ಜಾಸ್ತಿ ಆದಷ್ಟೂ ಅಕ್ಷರ ಚೊಕ್ಕ ಕಾಣುತ್ತದೆ.

ಅಪ್ಪನ ಕೆರೆ

ಬೀದರ್‌ನವರಿಗೆ ಏನ್ರಿ, ಎತ್ತರದ ಊರು, ಸಂಜೆ ಆದರೆ ತಂಪು ಗಾಳಿ. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42, 43 ಡಿಗ್ರಿ ಸಾಮಾನ್ಯ. ಅಕ್ಷರ ಕಾಣುವುದು ಒಂದು ಪ್ರಶ್ನೆ. ಯಂತ್ರ ಉಳಿಯುತ್ತಾ ಅನ್ನುವುದು ಇನ್ನೊಂದು ಪ್ರಶ್ನೆ. ಅದನ್ನೂ ಯಾರಾದರೂ ಹೇಳಿ.

ಸೇಡಂ ಫಿಜಿಕ್ಸ್

ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಟ್ಯಾಬ್ ಪರದೆಯ ಹಿಂದೆ ದೀಪ ಇದೆ. ಆ ದೀಪ ಹೊರಗಿನ ಬೆಳಕಿನ ಜೊತೆ ಪೈಪೋಟಿಗೆ ಇಳಿಯಬೇಕು. ಕಡಿಮೆ ಬೆಲೆಯ ಟ್ಯಾಬ್‌ಗಳ ಬೆಳಕು ಸಾಮಾನ್ಯವಾಗಿ 300ರಿಂದ 400 ನಿಟ್ಸ್ (ಪರದೆಯಿಂದ ಬರುವ ಬೆಳಕಿನ ಅಳತೆ). ಸಾದಾ ಐಪ್ಯಾಡ್ ಕೂಡ 500 ನಿಟ್ಸ್ ಅಷ್ಟೇ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). ಅದರ ಮುಂದೆ ಟ್ಯಾಬ್ ಹಿಡಿಯುವುದು ಮಟಮಟ ಮಧ್ಯಾಹ್ನ ಕಂದೀಲು ಹಿಡಿದ ಹಾಗೆ.

ಇ-ರೀಡರ್‌ನ ಪರದೆ ಬೇರೆ ತರ, ಇ-ಇಂಕ್ ಅನ್ನುತ್ತಾರೆ. ಅದರಲ್ಲಿ ಬಹಳ ಸಣ್ಣ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯೊಳಗೆ ಬಿಳಿ ಕಣ, ಕಪ್ಪು ಕಣ. ವಿದ್ಯುತ್ ಕೊಟ್ಟ ಕಡೆ ಬಿಳಿ ಮೇಲೆ ಬರುತ್ತದೆ ಅಥವಾ ಕಪ್ಪು ಮೇಲೆ ಬರುತ್ತದೆ. ಒಮ್ಮೆ ಬಂದು ನಿಂತರೆ ವಿದ್ಯುತ್ ತೆಗೆದರೂ ಹಾಗೇ ಇರುತ್ತದೆ. ಆ ಬಿಳಿ ಭಾಗ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚುಕಮ್ಮಿ ಶೇ. 40ರಷ್ಟನ್ನು ವಾಪಸ್ ಕೊಡುತ್ತದೆ. 1 ಲಕ್ಷ ಲಕ್ಸ್ ಬಿಸಿಲಿಗೆ ಲೆಕ್ಕ ಹಾಕಿದರೆ (ಅದರ ಶೇ. 40 ತೆಗೆದು 3.14ರಿಂದ ಭಾಗಿಸಿ) 12 ಸಾವಿರ ನಿಟ್ಸ್ ದಾಟುತ್ತದೆ. ಮರದ ನೆರಳಲ್ಲಿ 10 ಸಾವಿರ ಲಕ್ಸ್ ಇದೆ ಅಂದುಕೊಂಡರೂ 1,200 ನಿಟ್ಸ್ ಆಗುತ್ತದೆ. ಅಂದರೆ ನೆರಳಲ್ಲೂ ಟ್ಯಾಬ್‌ಗಿಂತ ಮುಂದೆ.

ಚಿತ್ತಾಪುರ ರಾಣಿ

ಸರ್, 12 ಸಾವಿರ ನಿಟ್ಸ್ ಅಂದರೆ ಕಣ್ಣು ಉಳಿಯುತ್ತಾ?

ಸೇಡಂ ಫಿಜಿಕ್ಸ್

ಒಳ್ಳೆ ಪ್ರಶ್ನೆ. ಬಿಳಿ ಕಾಗದ ಶೇ. 80ರ ಹತ್ತಿರ ಬೆಳಕು ವಾಪಸ್ ಕೊಡುತ್ತದೆ, ಅಂದರೆ ಇದರ ಎರಡರಷ್ಟು. ನೇರ ಬಿಸಿಲಲ್ಲಿ ಪುಸ್ತಕ ಹಿಡಿದರೆ ಕಣ್ಣು ಕುಕ್ಕುವುದು ಅದಕ್ಕೇ. ಇ-ರೀಡರ್‌ನಲ್ಲೂ ನೇರ ಬಿಸಿಲಲ್ಲಿ ಅಕ್ಷರ ಕಾಣುತ್ತದೆ ನಿಜ, ಆದರೆ ಕೂತು ಓದಬೇಕಾದ್ದು ನೆರಳಲ್ಲೇ.

ಕಣ್ಣಾಸ್ಪತ್ರೆ ಸಿಸ್ಟರ್

ಕಣ್ಣಿನ ವಿಭಾಗದಲ್ಲೇ ಕೆಲಸ ನನ್ನದು. ಫಿಜಿಕ್ಸ್ ಮೇಷ್ಟ್ರು ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ ಮಾಡುತ್ತೇವೆ. ನಮ್ಮ ಕಡೆ ಒಣ ಗಾಳಿ, ಮೇಲೆ ಧೂಳು. ಉರಿ, ನೀರು ಸೋರುವುದು, ಮಸುಕು ಎಲ್ಲಾ ಅದರಿಂದ ಬರುತ್ತದೆ. ಜನ ಎಲ್ಲದಕ್ಕೂ ನೀಲಿ ಬೆಳಕು ಕಾರಣ ಅಂತಾರೆ. ಬಿಸಿಲಿನಲ್ಲಿರುವ ನೀಲಿ ಬೆಳಕಿನ ಮುಂದೆ ಪರದೆಯದು ಏನೇನೂ ಅಲ್ಲ. ಅಕ್ಷರ ದೊಡ್ಡದು ಮಾಡಿ, ಆಗಾಗ ದೂರ ನೋಡಿ, ಬೇಕಂತಲೇ ರೆಪ್ಪೆ ಬಡಿಯಿರಿ. ಇ-ರೀಡರ್ ತಗೊಂಡರೂ ಇದನ್ನು ಮಾಡಲೇಬೇಕು.

ತಂಪು ಕನ್ನಡಕ ಹಾಕಿಕೊಂಡು ಓದುವವರಿಗೆ ಒಂದು ಮಾತು. ಅದು ಪೋಲರೈಸ್ಡ್ (ಪ್ರತಿಫಲನದ ಹೊಳಪು ತಡೆಯುವಂಥದ್ದು) ಆಗಿದ್ದರೆ ಟ್ಯಾಬ್ ಪರದೆ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣಬಹುದು. ಅಡ್ಡ ಹಿಡಿದರೆ ಸರಿ, ಉದ್ದ ಹಿಡಿದರೆ ಕತ್ತಲು. ಇ-ರೀಡರ್‌ಗೆ ಈ ತೊಂದರೆ ಇಲ್ಲ.

ಬೀದರ್ ಕೋಟೆ

ಅಕ್ಕಾ, ಈ ಕನ್ನಡಕದ್ದು ಗೊತ್ತೇ ಇರಲಿಲ್ಲ. ನಮ್ಮ ಅಣ್ಣ ತನ್ನ ಟ್ಯಾಬ್ ಕೆಟ್ಟಿದೆ ಅಂತ ರಿಪೇರಿಗೆ ಕೊಡಲು ಹೊರಟಿದ್ದ!

ವಿವಿ ಕ್ಯಾಂಪಸ್

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಅವರು ಪರೀಕ್ಷೆಗೆ ಓದುವವರು ಅನ್ನುವುದು ಮರೆತಿರಾ? ನಾನೂ ಜ್ಞಾನಗಂಗಾ ಕ್ಯಾಂಪಸ್‌ನಲ್ಲಿ ಮರದ ಕೆಳಗೆ ಓದುವವನು. ನಮ್ಮ ನೋಟ್ಸ್‌ನಲ್ಲಿ ಬಣ್ಣದ ನಕ್ಷೆ ಇರುತ್ತದೆ, ಕೋಷ್ಟಕ ಇರುತ್ತದೆ. ಒಂದು ಪುಟದಿಂದ ಹತ್ತು ಪುಟ ಹಿಂದೆ ಹಾರಬೇಕು, ಗೆರೆ ಎಳೆಯಬೇಕು, ಮಧ್ಯೆ ಕ್ಲಾಸ್ ವಿಡಿಯೋ ನೋಡಬೇಕು. ಇ-ರೀಡರ್‌ನಲ್ಲಿ ಪುಟ ಹಾರಿಸುವಷ್ಟರಲ್ಲಿ ಓದುವ ಮನಸ್ಸೇ ಹೋಗುತ್ತದೆ. ಟ್ಯಾಬ್‌ಗೆ ಒಂದು ಮ್ಯಾಟ್ ಗಾರ್ಡ್ (ಹೊಳಪಿಲ್ಲದ ಪರದೆ ಹಾಳೆ) ಹಾಕಿ, ನೆರಳಲ್ಲಿ ಕೂಡಿ, ಬೆನ್ನ ಹಿಂದೆ ಗೋಡೆ ಇರುವ ಹಾಗೆ ನೋಡಿಕೊಳ್ಳಿ. ಅಷ್ಟು ಸಾಕು. ಎರಡು ಯಂತ್ರಕ್ಕೆ ದುಡ್ಡು ಹಾಕುವ ಸ್ಥಿತಿಯಲ್ಲಿ ಎಷ್ಟು ಜನ ಇದ್ದೇವೆ ಹೇಳಿ?

ಸೇಡಂ ಫಿಜಿಕ್ಸ್

ಬೆನ್ನ ಹಿಂದಿನ ಗೋಡೆಯ ಮಾತು ಪಕ್ಕಾ. ಗಾಜಿನಲ್ಲಿ ಕಾಣುವುದು ನಮ್ಮ ಬೆನ್ನ ಹಿಂದಿರುವ ಬೆಳಕು. ಹಿಂದೆ ಆಕಾಶದ ಬದಲು ಮರದ ಕಾಂಡವೋ ಕಪ್ಪು ಬಟ್ಟೆಯೋ ಇದ್ದರೆ ಪ್ರತಿಬಿಂಬ ಬಹಳ ಕಡಿಮೆಯಾಗುತ್ತದೆ. ಬಿಳಿ ಅಂಗಿ ಬದಲು ಗಾಢ ಬಣ್ಣದ ಅಂಗಿ ಹಾಕಿದರೂ ವ್ಯತ್ಯಾಸ ಕಾಣುತ್ತದೆ. ಆದರೆ ಮ್ಯಾಟ್ ಗಾರ್ಡ್ ವಿಷಯದಲ್ಲಿ ಪೂರ್ತಿ ಒಪ್ಪಲಾರೆ. ಅದು ಪ್ರತಿಬಿಂಬವನ್ನು ಚದುರಿಸುತ್ತದೆ, ಇಲ್ಲವಾಗಿಸುವುದಿಲ್ಲ. ನೆರಳಲ್ಲಿ ಹಿತ. ನೇರ ಬಿಸಿಲು ಬಿದ್ದರೆ ಇಡೀ ಪರದೆ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಶಹಾಪುರ ಬೆಟ್ಟ

ಫೋನೇ ಸಾಕಲ್ವಾ? ಈಗಿನ ಫೋನ್‌ಗಳು ಬಿಸಿಲಲ್ಲಿ ಸಾವಿರ ನಿಟ್ಸ್ ಮೇಲೆ ಹೋಗುತ್ತವೆ.

ಅಪ್ಪನ ಕೆರೆ

ಹೋಗುತ್ತವೆ, ಸ್ವಲ್ಪ ಹೊತ್ತು. ಆಮೇಲೆ ಬಿಸಿಯಾಗಿ ತಾನೇ ಬೆಳಕು ಇಳಿಸಿಕೊಳ್ಳುತ್ತದೆ. ನಾವು ಪೂರ್ತಿ ಏರಿಸಿ ಇಟ್ಟಿದ್ದರೂ ಅಷ್ಟೇ. ಮೇ ತಿಂಗಳಲ್ಲಿ ಜೇವರ್ಗಿ ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುತ್ತಾ ಮ್ಯಾಪ್ ನೋಡಿದವರಿಗೆ ಇದು ಗೊತ್ತು.

ಶಹಾಬಾದ್ ಕಲ್ಲು

ಬಿಸಿ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಮೊಬೈಲ್ ರಿಪೇರಿ ಅಂಗಡಿ ನಮ್ಮದು. ಐಪ್ಯಾಡ್ ಬಳಸಲು 0ರಿಂದ 35 ಡಿಗ್ರಿ ಅಂತ ಕಂಪನಿಯೇ ಬರೆದಿದೆ. ಅಮೆಜಾನ್‌ನ ಇ-ರೀಡರ್ ಕಿಂಡಲ್‌ಗೂ ಅದೇ, 0ರಿಂದ 35. ನಮ್ಮ ಬೇಸಿಗೆಯಲ್ಲಿ ನೆರಳಿನ ತಾಪಮಾನವೇ ಅದನ್ನು ದಾಟಿರುತ್ತದೆ. ಹಾಗಂತ 36 ಆದ ಕೂಡಲೇ ಕೆಟ್ಟು ಹೋಗುತ್ತದೆ ಅಂತಲ್ಲ. ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತಾ ಹೋಗುತ್ತದೆ.

ವ್ಯತ್ಯಾಸ ಇರುವುದು ಎಲ್ಲಿ ಅಂದರೆ, ಟ್ಯಾಬ್ ತಾನೂ ಬಿಸಿ ಹುಟ್ಟಿಸುತ್ತದೆ. ಬೆಳಕು ಪೂರ್ತಿ, ಇಂಟರ್ನೆಟ್ ಆನ್, ಕಪ್ಪು ಗಾಜಿನ ಮೇಲೆ ಬಿಸಿಲು. ಇ-ರೀಡರ್ ಪುಟ ತಿರುಗಿಸಿದಾಗ ಮಾತ್ರ ಪರದೆಗೆ ಕರೆಂಟ್ ತೆಗೆದುಕೊಳ್ಳುತ್ತದೆ. ಬಿಸಿಲಲ್ಲಿ ಅದರ ದೀಪವೂ ಬೇಡ. ಹಾಗಾಗಿ ತಾನಾಗಿ ಬಿಸಿ ಏರುವುದು ಬಹಳ ಕಡಿಮೆ.

ನಮ್ಮಲ್ಲಿಗೆ ಬರುವ ಉಬ್ಬಿದ ಬ್ಯಾಟರಿಯ ಟ್ಯಾಬ್‌ಗಳ ಕಥೆ ಹೆಚ್ಚಾಗಿ ಒಂದೇ. ಬೈಕಿನ ಟ್ಯಾಂಕ್ ಕವರ್‌ನಲ್ಲಿ ಇಟ್ಟು ಓಡಾಡಿದ್ದು, ಕಾರಿನ ಗಾಜಿನ ಹತ್ತಿರ ಬಿಟ್ಟಿದ್ದು, ಬಿಸಿ ಇರುವಾಗಲೇ ಚಾರ್ಜಿಗೆ ಹಾಕಿದ್ದು. ಯಾವುದೇ ಯಂತ್ರ ಇರಲಿ, ಹೊಲದಿಂದ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ತಣ್ಣಗಾಗಲು ಬಿಡಿ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಒಳಗೆ ನೀರು ಹನಿ ಕಟ್ಟುತ್ತದೆ.

ತೊಗರಿ ರಾಶಿ

ಧೂಳಿನ ಬಗ್ಗೆಯೂ ಹೇಳಿ ಅಣ್ಣಾ. ರಾಶಿ ಮಾಡುವ ಹೊತ್ತಲ್ಲಿ ಹೊಟ್ಟು ಎಲ್ಲಾ ಕಡೆ ಹಾರುತ್ತದೆ. ಕೆಲವು ಇ-ರೀಡರ್‌ಗೆ ಐಪಿಎಕ್ಸ್8 ಇದೆ, ಏನೂ ಆಗಲ್ಲ ಅಂತ ಅಂಗಡಿಯವರು ಹೇಳಿದರು.

ಶಹಾಬಾದ್ ಕಲ್ಲು

ಅದು ನೀರಿಗೆ. 8 ಅನ್ನುವುದು ನೀರಿನ ಅಂಕಿ. ಧೂಳಿನ ಅಂಕಿ ಬರಬೇಕಾದ ಜಾಗದಲ್ಲಿ ಎಕ್ಸ್ ಇದೆ, ಅಂದರೆ ಧೂಳಿನ ಪರೀಕ್ಷೆಯ ಅಂಕಿಯನ್ನು ಅವರು ಕೊಟ್ಟಿಲ್ಲ. ಚಾರ್ಜಿಂಗ್ ತೂತಿಗೆ ಹೊಟ್ಟು ತುಂಬಿಕೊಂಡ ಯಂತ್ರಗಳನ್ನು ಪ್ರತಿ ಸುಗ್ಗಿಯಲ್ಲೂ ನೋಡುತ್ತೇವೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಓದಿ. ಇ-ರೀಡರ್ ಆದರೆ ಚೀಲದ ಮೇಲಿಂದಲೇ ಚೆನ್ನಾಗಿ ಕಾಣುತ್ತದೆ.

ಇನ್ನೊಂದು. ಇ-ರೀಡರ್‌ನ ಪರದೆ ಮುಟ್ಟಿದರೆ ಪ್ಲಾಸ್ಟಿಕ್ ತರ ಅನಿಸುತ್ತದೆ, ಆದರೆ ಹೆಚ್ಚಿನವುಗಳ ಕೆಳಗೆ ತೆಳ್ಳಗಿನ ಗಾಜು ಇರುತ್ತದೆ. ಚೀಲದಲ್ಲಿ ಟಿಫಿನ್ ಡಬ್ಬಿ ಒತ್ತಿದರೂ ಒಳಗೇ ಸೀಳುತ್ತದೆ. ಆಮೇಲೆ ಪರದೆಯಲ್ಲಿ ಗೆರೆಗಳು ನಿಂತುಬಿಡುತ್ತವೆ. ಟ್ಯಾಬ್ ಪರದೆ ನಮ್ಮ ಅಂಗಡಿಯಲ್ಲೇ ಬದಲಾಯಿಸಬಹುದು. ಇ-ರೀಡರ್ ಪರದೆ ತರಿಸಲು ಬಹಳ ಕಷ್ಟ, ತರಿಸಿದರೂ ಹೊಸದರ ಬೆಲೆಯ ಹತ್ತಿರ ಹೋಗುತ್ತದೆ. ಗಟ್ಟಿ ಕವರ್ ಇಲ್ಲದೆ ಹೊರಗೆ ಒಯ್ಯಲೇಬೇಡಿ.

ಆಳಂದ ಓದುಗಿ

ಎಲ್ಲಾ ಸರಿ, ಮುಖ್ಯ ವಿಷಯಕ್ಕೆ ಯಾರೂ ಬರಲಿಲ್ಲ. ಕನ್ನಡ ಪುಸ್ತಕ ಎಲ್ಲಿಂದ ತರುತ್ತೀರಿ?

2016ರಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ನಮ್ಮ ಹೊಸ ಕಾದಂಬರಿಗಳು, ಕಥೆಗಳು ಸಿಗುವುದು ಮೈಲ್ಯಾಂಗ್ ತರದ ಕನ್ನಡದ ಆಪ್‌ಗಳಲ್ಲಿ. ಆ ಆಪ್ ಟ್ಯಾಬ್‌ನಲ್ಲಿ ನಡೆಯುತ್ತದೆ, ಕಿಂಡಲ್‌ನಲ್ಲಿ ಹಾಕಲು ಆಗುವುದಿಲ್ಲ. ಸರ್ಕಾರದ ಇ-ಸಾರ್ವಜನಿಕ ಗ್ರಂಥಾಲಯವೂ ಫೋನು, ಟ್ಯಾಬ್, ಕಂಪ್ಯೂಟರ್ ಇದ್ದವರಿಗೇ ಅನುಕೂಲ. ದುಡ್ಡು ಕೊಟ್ಟು ಕನ್ನಡ ಓದೋಣ ಅನ್ನುವವರಿಗೆ ಇ-ರೀಡರ್ ಕೈಗೆ ಬಂದ ಮೇಲೆ ದೊಡ್ಡ ನಿರಾಸೆ ಕಾದಿರುತ್ತದೆ. ಬಿಸಿಲಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಪುಸ್ತಕವೇ ಇಲ್ಲದಿದ್ದರೆ ಏನು ಓದುವುದು?

ಬೀದರ್ ಕೋಟೆ

ಪುಸ್ತಕವೇ ಇಲ್ಲ ಅನ್ನುವುದು ಜಾಸ್ತಿ ಆಯಿತು ಅಕ್ಕಾ. ಕನ್ನಡ ವಿಕಿಸೋರ್ಸ್‌ನಿಂದ ಇಪಬ್ (ಇ-ಪುಸ್ತಕದ ಕಡತ ಮಾದರಿ) ಇಳಿಸಿಕೊಳ್ಳಬಹುದು. ವಚನ ಸಂಚಯ ತಾಣದಲ್ಲಿ ವಚನಗಳು ಯೂನಿಕೋಡ್‌ನಲ್ಲೇ (ಎಲ್ಲಾ ಯಂತ್ರಗಳಿಗೂ ತಿಳಿಯುವ ಅಕ್ಷರ ಸಂಕೇತ) ಇವೆ. ಬೇಕಾದ ಶರಣರ ವಚನಗಳನ್ನು ಒಂದು ಕಡತದಲ್ಲಿ ಸೇರಿಸಿ ಇಪಬ್ ಮಾಡಿಕೊಂಡರೆ ಮುಗಿಯಿತು. ನಾನು ಬಸವಕಲ್ಯಾಣಕ್ಕೆ ಹೋಗುವಾಗ ಬಸ್ಸಲ್ಲಿ ಓದುವುದು ಅದನ್ನೇ.

ಆಳಂದ ಓದುಗಿ

ಹಳೆಯದು ಸಿಗುತ್ತದೆ, ಒಪ್ಪಿದೆ. ಈಗ ಬರೆಯುತ್ತಿರುವವರ ಪುಸ್ತಕ? ಅವರಿಗೂ ನಾಲ್ಕು ಕಾಸು ಹೋಗಬೇಕಲ್ವಾ?

ಯಾದಗಿರಿ ಲೈಬ್ರರಿ

ಅದಕ್ಕೆ ಮೂರನೇ ದಾರಿ ಇದೆ. ಇ-ಇಂಕ್ ಪರದೆ, ಒಳಗೆ ಆಂಡ್ರಾಯ್ಡ್. ಬೂಕ್ಸ್ ಅನ್ನುವ ಹೆಸರಲ್ಲಿ ಬರುತ್ತದೆ. ಪ್ಲೇ ಸ್ಟೋರ್ ಇರುವುದರಿಂದ ಕನ್ನಡದ ಪುಸ್ತಕದ ಆಪ್‌ಗಳನ್ನು ಹಾಕಿಕೊಳ್ಳಬಹುದು. ಬೆಲೆ ಜಾಸ್ತಿ, ಅದೇ ಕಷ್ಟ. ಬ್ಯಾಟರಿಯೂ ಕಿಂಡಲ್‌ನಷ್ಟು ದಿನ ಬರುವುದಿಲ್ಲ, ಹಿಂದೆ ಆಪ್‌ಗಳು ಓಡುತ್ತಿರುತ್ತವಲ್ಲ. ಆದರೆ ಕನ್ನಡ ಓದುಗರಿಗೆ ನಿಜವಾಗಿ ಹೊಂದುವುದು ಇದು.

ಮತ್ತೆ ಒಂದು ಎಚ್ಚರಿಕೆ. ಟಿಸಿಎಲ್‌ನ ನೆಕ್ಸ್ಟ್‌ಪೇಪರ್ ಟ್ಯಾಬ್‌ಗಳನ್ನು ಇ-ಇಂಕ್ ಅಂದುಕೊಂಡು ಕೊಳ್ಳುವವರಿದ್ದಾರೆ. ಈಗ ಮಾರಾಟಕ್ಕಿರುವವು ಹಿಂದೆ ದೀಪ ಇರುವ ಎಲ್‌ಸಿಡಿ ಟ್ಯಾಬ್‌ಗಳೇ, ಮೇಲ್ಮೈ ಮಾತ್ರ ಮ್ಯಾಟ್. ನೆರಳಲ್ಲಿ ಕಣ್ಣಿಗೆ ಹಿತ, ಬಿಸಿಲಲ್ಲಿ ಇ-ಇಂಕ್ ಮಾಡುವ ಕೆಲಸ ಮಾಡುವುದಿಲ್ಲ.

ಜೇವರ್ಗಿ ಹೊಲದವ

ಇಷ್ಟು ಜನ ಬರೆದಿದ್ದಕ್ಕೆ ಖುಷಿಯಾಯಿತು. ನನ್ನ ಹತ್ತಿರ ಜಾಸ್ತಿ ಇರುವುದು ಸ್ಕ್ಯಾನ್ ಪಿಡಿಎಫ್, ಆರ್ಕೈವ್ ಡಾಟ್ ಆರ್ಗ್‌ನಿಂದ ಇಳಿಸಿದ್ದು. ಅದು ಆರು ಏಳು ಇಂಚಿನಲ್ಲಿ ಓದಲು ಆಗುತ್ತದಾ?

ಯಾದಗಿರಿ ಲೈಬ್ರರಿ

ಇದಕ್ಕೆ ಅಳತೆ ಹಿಡಿದು ನೋಡಬೇಕು. ನಮ್ಮ ಕನ್ನಡ ಪುಸ್ತಕಗಳು ಬಹಳಷ್ಟು ಡೆಮಿ 1/8 ಗಾತ್ರದವು. ಅಂದರೆ ಅಗಲ 5.5 ಇಂಚು, ಉದ್ದ 8.5 ಇಂಚು. ಮೂಲೆಯಿಂದ ಮೂಲೆಗೆ ಅಳೆದರೆ ಹತ್ತು ಇಂಚು. ಅಂದರೆ ಪುಟವನ್ನು ಅದರ ನಿಜ ಗಾತ್ರದಲ್ಲಿ ನೋಡಬೇಕಾದರೆ ಹತ್ತು ಇಂಚಿನ ಪರದೆ ಬೇಕು. ಆದರೆ ಸುತ್ತ ಖಾಲಿ ಅಂಚು ಇರುತ್ತದಲ್ಲ, ಅದನ್ನು ಕತ್ತರಿಸಿದರೆ ಅಕ್ಷರ ಇರುವ ಭಾಗ ಎಂಟು ಇಂಚಿನ ಪರದೆಯಲ್ಲಿ ಹೆಚ್ಚುಕಮ್ಮಿ ನಿಜ ಗಾತ್ರದಲ್ಲೇ ಕೂಡುತ್ತದೆ. ಏಳು ಇಂಚಿನಲ್ಲಿ ಸ್ವಲ್ಪ ಸಣ್ಣದು, ಆದರೂ ಓದಬಹುದು. ಆರು ಇಂಚಿನಲ್ಲಿ ಒತ್ತಕ್ಷರ ಅಂಟಿಕೊಂಡ ಹಾಗೆ ಕಾಣುತ್ತದೆ. ಅಡ್ಡ ಹಿಡಿದು ಅರ್ಧ ಅರ್ಧ ಪುಟ ಓದಬೇಕಾಗುತ್ತದೆ.

ಅಂಚು ಕತ್ತರಿಸಲು ಕೆಓರೀಡರ್ ಅಂತ ಒಂದು ಉಚಿತ ತಂತ್ರಾಂಶ ಇದೆ. ಕೋಬೋ ಅನ್ನುವ ಇ-ರೀಡರ್‌ನಲ್ಲಿ ನೇರವಾಗಿ ಹಾಕಬಹುದು, ಆಂಡ್ರಾಯ್ಡ್‌ನಲ್ಲೂ ಆಗುತ್ತದೆ. ಕಿಂಡಲ್‌ಗೆ ಹಾಕಬೇಕಾದರೆ ಕಂಪನಿ ಹಾಕಿದ ತಂತ್ರಾಂಶದ ಬೀಗ ಮುರಿಯಬೇಕು, ಹೊಸಬರಿಗೆ ಬೇಡ. ಕಿಂಡಲ್ ಇದ್ದವರು ಕಂಪ್ಯೂಟರ್‌ನಲ್ಲೇ ಅಂಚು ಕತ್ತರಿಸಿ ಕಳಿಸುವುದು ಸುಲಭ. ಹಳದಿ ತಿರುಗಿದ ಪುಟದ ಸ್ಕ್ಯಾನ್ ಆದರೆ ಅದನ್ನು ಕಪ್ಪು-ಬಿಳುಪು ಮಾಡಿ. ಬೂದಿ ಹಿನ್ನೆಲೆ ಇ-ಇಂಕ್‌ಗೆ ಆಗಿಬರುವುದಿಲ್ಲ, ಅಕ್ಷರ ಮುಳುಗಿಹೋಗುತ್ತದೆ.

ನುಡಿ ಟೈಪಿಸ್ಟ್

ಕೋಚಿಂಗ್ ನೋಟ್ಸ್ ವಿಷಯಕ್ಕೆ ಬರುತ್ತೇನೆ. ಡಿಟಿಪಿ ಕೆಲಸ ನನ್ನದು, ಸೂಪರ್ ಮಾರ್ಕೆಟ್ ಹತ್ತಿರ. ಈ ಭಾಗದ ನೋಟ್ಸ್‌ಗಳು ಬಹಳಷ್ಟು ಇನ್ನೂ ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ಗಳಲ್ಲೇ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ಆಕಾರ ಕೊಟ್ಟವು) ಟೈಪ್ ಆಗುತ್ತವೆ. ಪಿಡಿಎಫ್ ಆಗಿ ತೆರೆದರೆ ಚೆನ್ನಾಗಿ ಕಾಣುತ್ತದೆ. ಅದನ್ನೇ ಇಪಬ್ ಮಾಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಯಂತ್ರ ಕೆಟ್ಟಿದೆ ಅಂತ ಅಂಗಡಿಗೆ ತರುತ್ತಾರೆ. ಯಂತ್ರದ ತಪ್ಪಲ್ಲ ಅದು. ಮೂಲ ಕಡತ ಸಿಕ್ಕರೆ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಕ ಹಾಕಿ, ಆಮೇಲೆ ಇಪಬ್ ಮಾಡಿ. ಅರ್ಕಾವತ್ತು, ಒತ್ತಕ್ಷರ ಒಂದು ಸಲ ಕಣ್ಣಾಡಿಸಿ ತಿದ್ದಿ, ಅಲ್ಲೇ ಹೆಚ್ಚು ತಪ್ಪು ಉಳಿಯುವುದು.

ಇ-ರೀಡರ್ ಕೊಳ್ಳುವ ಮೊದಲು ಗೆಳೆಯರ ಯಂತ್ರದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ರಾಷ್ಟ್ರ, ಸ್ತ್ರೀ, ಅರ್ಥ, ಸ್ವಾತಂತ್ರ್ಯ, ಕಾರ್ಯಕ್ರಮ. ಇಷ್ಟು ಪದ ಇರುವ ಇಪಬ್ ತೆರೆದು ನೋಡಿ. ಇವು ಒಡೆಯದೆ ಬಂದರೆ ಉಳಿದದ್ದೂ ಬರುತ್ತದೆ. ಅಕ್ಷರ ತೆಳ್ಳಗೆ ಕಂಡರೆ ನೋಟೋ ಸೆರಿಫ್ ಕನ್ನಡ ಫಾಂಟನ್ನು ಇಳಿಸಿ ಕಿಂಡಲ್ ಅಥವಾ ಕೋಬೋದ ಫಾಂಟ್ಸ್ ಅನ್ನುವ ಫೋಲ್ಡರ್‌ಗೆ ಹಾಕಿ. ದಪ್ಪ ಅಕ್ಷರ ಬಿಸಿಲಲ್ಲಿ ಓದಲು ಬಹಳ ಆರಾಮ.

ತೊಗರಿ ರಾಶಿ

ನುಡಿ ಟೈಪಿಸ್ಟ್ ಅಣ್ಣಾ, ನಿಮ್ಮ ಅಂಗಡಿ ಪಕ್ಕದ ಮಿರ್ಚಿ ಭಜಿ ಇನ್ನೂ ಹಾಕುತ್ತಾರಾ? ಪಬ್ಲಿಕ್ ಗಾರ್ಡನ್‌ಗೆ ಓದಲು ಹೋಗುವಾಗ ಕಟ್ಟಿಸಿಕೊಂಡು ಹೋಗುತ್ತಿದ್ದೆವು. ಪುಸ್ತಕದ ಅರ್ಧ ಪುಟ ಎಣ್ಣೆ ಎಣ್ಣೆ.

ನುಡಿ ಟೈಪಿಸ್ಟ್

ಹಾಕುತ್ತಾರೆ, ಸಂಜೆ ನಾಲ್ಕರ ಮೇಲೆ. ಎಣ್ಣೆ ಕೈಯಲ್ಲಿ ಪರದೆ ಮುಟ್ಟಬೇಡಿ. ಬಟನ್ ಇರುವ ಇ-ರೀಡರ್ ಇದ್ದರೆ ಒಳ್ಳೇದು.

ಮಳಖೇಡ ಕಾಕಾ

ನಾನು ನಿವೃತ್ತ ಮೇಷ್ಟ್ರು. ನಿಮ್ಮ ಮಾತೆಲ್ಲ ಓದಿದೆ. ಕಾಗದದ ಪುಸ್ತಕಕ್ಕೆ ಚಾರ್ಜ್ ಬೇಡ, ಬಿಸಿಗೆ ಕೆಡುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ. ಕಾಗಿಣಾ ದಂಡೆಯಲ್ಲಿ ಕೂತು ನಾನು ಇವತ್ತಿಗೂ ಪುಸ್ತಕವನ್ನೇ ಓದುತ್ತೇನೆ. ಗ್ರಂಥಾಲಯದಿಂದ ತಂದು ಓದಿರಪ್ಪಾ. ಓದುವವರು ಬಂದರೇ ಗ್ರಂಥಾಲಯ ಉಳಿಯುತ್ತದೆ.

ಆಳಂದ ಓದುಗಿ

ಕಾಕಾ, ಗ್ರಂಥಾಲಯ ಉಳಿಯಬೇಕು ಅನ್ನುವುದು ನೂರಕ್ಕೆ ನೂರು ಸರಿ. ಆದರೆ ನಮ್ಮ ಹಳ್ಳಿಯಿಂದ ಆಳಂದಕ್ಕೆ ಬಂದು ಹೋಗುವುದರಲ್ಲಿ ಅರ್ಧ ದಿನ ಕಳೆಯುತ್ತದೆ. ಬೇಕಾದ ಪುಸ್ತಕ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಮತ್ತೆ ನಿಮ್ಮ ವಯಸ್ಸಿನವರಿಗೇ ಇ-ರೀಡರ್ ಜಾಸ್ತಿ ಉಪಯೋಗ. ನಮ್ಮ ಮಾವನವರು ಕನ್ನಡಕ ಹಾಕಿಯೂ ಸಣ್ಣ ಅಕ್ಷರ ಓದಲಾಗದೆ ಪುಸ್ತಕ ಬಿಟ್ಟೇ ಬಿಟ್ಟಿದ್ದರು. ಈಗ ಅಂಗಳದಲ್ಲಿ ಕೂತು ಅಕ್ಷರ ದೊಡ್ಡದು ಮಾಡಿಕೊಂಡು ವಚನ ಓದುತ್ತಾರೆ. ಕೈ ನಡುಗುತ್ತದೆ ಅವರಿಗೆ, ಟ್ಯಾಬ್ ಭಾರ ಆಗುತ್ತಿತ್ತು. ಇದನ್ನು ಒಂದೇ ಕೈಯಲ್ಲಿ ಹಿಡಿಯುತ್ತಾರೆ, ಹೆಬ್ಬೆರಳಿಂದ ಅಂಚು ತಟ್ಟಿ ಪುಟ ತಿರುಗಿಸುತ್ತಾರೆ.

ಬೀದರ್ ಕೋಟೆ

ಭಾರದ ಮಾತು ನಿಜ. 2024ರ ಕಿಂಡಲ್ ಪೇಪರ್‌ವೈಟ್ 211 ಗ್ರಾಂ. 10.9 ಇಂಚಿನ ಐಪ್ಯಾಡ್ 477 ಗ್ರಾಂ, ಕವರ್ ಬಿಟ್ಟು. ಮಲಗಿ ಓದುವವರಿಗೆ, ಮರಕ್ಕೆ ಒರಗಿ ಓದುವವರಿಗೆ ಇದು ದೊಡ್ಡ ವ್ಯತ್ಯಾಸ.

ಮಳಖೇಡ ಕಾಕಾ

ಅಕ್ಷರ ದೊಡ್ಡದು ಮಾಡುವುದು ಒಳ್ಳೆಯದೇ ತಾಯಿ. ಪೇಪರ್ ಓದಬಹುದಾ ಅದರಲ್ಲಿ?

ವಿವಿ ಕ್ಯಾಂಪಸ್

ದಿನಪತ್ರಿಕೆಯ ಇ-ಪೇಪರ್‌ಗೆ ಟ್ಯಾಬ್ ಬೇಕು ಸರ್. ಅಷ್ಟು ದೊಡ್ಡ ಪುಟವನ್ನು ಇ-ರೀಡರ್‌ನಲ್ಲಿ ಹಿಗ್ಗಿಸಿ, ಎಳೆದು ಓದುವುದು ಬಹಳ ತ್ರಾಸು. ನಾನು ಹೇಳುತ್ತಿರುವುದೂ ಅದನ್ನೇ. ಬೆಳಿಗ್ಗೆ ಏಳರೊಳಗೆ, ಸಂಜೆ ಐದರ ಮೇಲೆ ಟ್ಯಾಬ್ ಹೊರಗೂ ನಡೆಯುತ್ತದೆ. ಮಧ್ಯಾಹ್ನ ಹೊರಗೆ ಕೂರುವುದೇ ತಪ್ಪು, ಅದು ಯಂತ್ರದ ಪ್ರಶ್ನೆಯಲ್ಲ.

ಜೇವರ್ಗಿ ಹೊಲದವ

ಅಣ್ಣಾ, ತಗಡಿನ ಮನೆಯಲ್ಲಿ ಇರುವವರಿಗೆ ಮಧ್ಯಾಹ್ನ ಹೊರಗೆ ಕೂರುವುದೇ ದಾರಿ. ಫ್ಯಾನ್ ಇದ್ದರೂ ಕರೆಂಟ್ ಇರಬೇಕಲ್ಲ.

ವಿವಿ ಕ್ಯಾಂಪಸ್

ಅದು ನಿಜ. ಕರೆಂಟ್ ಇಲ್ಲದ ಕಡೆ ಟ್ಯಾಬ್ ಬೇಗ ಖಾಲಿ ಆಗುವುದೂ ನಿಜ, ಬೆಳಕು ಪೂರ್ತಿ ಏರಿಸಿದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಆದರೂ ವಿಡಿಯೋ ಕ್ಲಾಸ್ ಬಿಟ್ಟು ಪರೀಕ್ಷೆ ತಯಾರಿ ಆಗುವುದಿಲ್ಲ. ಟ್ಯಾಬ್ ಮಾರಬೇಡಿ.

ಜೇವರ್ಗಿ ಹೊಲದವ

ನಿನ್ನೆ ಗೆಳೆಯನ ಏಳು ಇಂಚಿನ ಪೇಪರ್‌ವೈಟ್ ತಂದು ಬೇವಿನ ಮರದ ಕೆಳಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎಲೆಗಳ ಮಧ್ಯದಿಂದ ಬಿಸಿಲಿನ ಚುಕ್ಕಿಗಳು ಬೀಳುತ್ತಿದ್ದವು. ಟ್ಯಾಬ್ ಮೇಲೆ ಚುಕ್ಕಿ ಬಿದ್ದಲ್ಲೆಲ್ಲ ಬೆರಳಚ್ಚು, ಧೂಳು ಎದ್ದು ಕಂಡು ಅಕ್ಷರ ಮಾಯ. ಇನ್ನೊಂದರಲ್ಲಿ ಅದೇ ಚುಕ್ಕಿಯ ಕೆಳಗೆ ಅಕ್ಷರ ಇನ್ನೂ ಕಪ್ಪಗೆ ಕಂಡಿತು, ಚುಕ್ಕಿಯ ಅಂಚು ಮಾತ್ರ ಪುಟದ ಮೇಲೆ ಅಲ್ಲಾಡುತ್ತಿತ್ತು. ಟ್ಯಾಬ್‌ನ ಹಿಂಭಾಗ ಕೈಗೆ ಬಿಸಿ ತಾಗಿತು. ಇದು ಹಾಗೇನೂ ಆಗಲಿಲ್ಲ.

ಟೈಪಿಸ್ಟ್ ಅಣ್ಣ ಹೇಳಿದ ಪದಗಳ ಪರೀಕ್ಷೆಯೂ ಮಾಡಿದೆ. ಒತ್ತಕ್ಷರ ಎಲ್ಲಾ ಸರಿಯಾಗಿ ಬಂತು. ಸ್ಕ್ಯಾನ್ ಪಿಡಿಎಫ್ ಅಂಚು ಕತ್ತರಿಸದೆ ಹಾಕಿದಾಗ ಕಷ್ಟ ಆಯಿತು, ಕತ್ತರಿಸಿ ಹಾಕಿದಾಗ ಓದಬಹುದಿತ್ತು. ಬಣ್ಣದ ನಕ್ಷೆ ಮಾತ್ರ ಆಗಲ್ಲ. ರಾಜ್ಯಗಳ ಗಡಿಯೇ ತಿಳಿಯಲಿಲ್ಲ.

ಸೇಡಂ ಫಿಜಿಕ್ಸ್

ಬಣ್ಣದ ಇ-ಇಂಕ್ ಕೂಡ ಬಂದಿದೆ, ಕಲೈಡೋ 3 ಅಂತ. ಕಪ್ಪು ಅಕ್ಷರಕ್ಕೆ 300 ಪಿಪಿಐ (ಒಂದು ಇಂಚಿಗೆ ಇರುವ ಚುಕ್ಕಿಗಳ ಲೆಕ್ಕ), ಬಣ್ಣಕ್ಕೆ 150. ಬಣ್ಣದ ಪದರ ಇರುವುದರಿಂದ ಮನೆಯೊಳಗೆ ಪುಟ ಸ್ವಲ್ಪ ಮಂಕು ಕಾಣುತ್ತದೆ. ಹೊರಗೆ ಬೆಳಕಿದ್ದಾಗ ಆ ಕೊರತೆ ಅಷ್ಟು ಗೊತ್ತಾಗುವುದಿಲ್ಲ. ಆದರೆ ನಕ್ಷೆ ನೋಡಲು ಅಂತಲೇ ಅಷ್ಟು ದುಡ್ಡು ಹಾಕಬೇಡಿ. ನಕ್ಷೆಗೆ ನಿಮ್ಮ ಟ್ಯಾಬ್ ಇದೆಯಲ್ಲ.

ಚಿತ್ತಾಪುರ ರಾಣಿ

ಪೇಪರ್‌ವೈಟ್ ಈಗ ಎಷ್ಟಿದೆ?

ಬೀದರ್ ಕೋಟೆ

2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ 16,999 ರೂಪಾಯಿ ಇತ್ತು. ಹಬ್ಬದ ಮಾರಾಟದ ಹೊತ್ತಲ್ಲಿ ನೋಡುತ್ತಿರಿ. ಕವರ್ ಬೇರೆ ಕೊಳ್ಳಬೇಕು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆಳಂದ ಓದುಗಿ

ತಮ್ಮಾ, ಕೊಳ್ಳುವ ಮೊದಲು ಇಷ್ಟು ಯೋಚಿಸು. ನೀನು ಓದುವುದರಲ್ಲಿ ಆಪ್‌ನಿಂದ ಕೊಂಡ ಪುಸ್ತಕ ಜಾಸ್ತಿಯಾ, ಇಳಿಸಿಕೊಂಡ ಕಡತ ಜಾಸ್ತಿಯಾ? ಕಡತವೇ ಜಾಸ್ತಿ ಆದರೆ ಪೇಪರ್‌ವೈಟ್ ಅಥವಾ ಕೋಬೋ ನಡೆಯುತ್ತದೆ. ಆಪ್ ಪುಸ್ತಕ ಜಾಸ್ತಿ ಆದರೆ ಆಂಡ್ರಾಯ್ಡ್ ಇರುವ ಇ-ಇಂಕ್‌ಗೆ ದುಡ್ಡು ಕೂಡಿಸುವವರೆಗೆ ಕಾಯಿ. ನಮ್ಮ ಪ್ರಕಾಶಕರು ನಕಲು ತಡೆಯುವ ಬೀಗ ಹಾಕದ ಇಪಬ್ ಮಾರಲು ಶುರು ಮಾಡಿದರೆ ಈ ತಲೆನೋವೇ ಇರುವುದಿಲ್ಲ. ಅವರಿಗೆ ನಾವು ಕೇಳುತ್ತಲೇ ಇರಬೇಕು.

ಜೇವರ್ಗಿ ಹೊಲದವ

ಕಡತವೇ ಜಾಸ್ತಿ ಅಕ್ಕಾ. ಏಳು ಇಂಚಿನದನ್ನೇ ತಗೊಳ್ಳುತ್ತೇನೆ. ಟ್ಯಾಬ್ ಕ್ಲಾಸ್‌ಗೆ, ನಕ್ಷೆಗೆ ಇರುತ್ತದೆ. ಟೈಪಿಸ್ಟ್ ಅಣ್ಣಾ, ನಮ್ಮ ಕೋಚಿಂಗ್‌ನ ಇತಿಹಾಸದ ನೋಟ್ಸ್ ಮೂಲ ಕಡತ ಸರ್ ಹತ್ತಿರ ಕೇಳಿ ತರುತ್ತೇನೆ. ಯೂನಿಕೋಡ್ ಮಾಡಿಕೊಡುತ್ತೀರಾ?

ನುಡಿ ಟೈಪಿಸ್ಟ್

ತನ್ನಿ. ಪೆನ್ ಡ್ರೈವ್‌ನಲ್ಲಿ ವರ್ಡ್ ಕಡತವನ್ನೇ ತನ್ನಿ, ಪಿಡಿಎಫ್ ಬೇಡ. ಸರ್ ಒಪ್ಪಿದರೆ ಅದೇ ಕಡತವನ್ನು ಉಳಿದ ಹುಡುಗರಿಗೂ ಕೊಡೋಣ. ಬುಧವಾರ ಅಂಗಡಿ ರಜೆ.

ತೊಗರಿ ರಾಶಿ

ನನಗೂ ಒಂದು ಪ್ರತಿ ಬೇಕು ಅಣ್ಣಾ.